ಮೂರು ಗಂಟಿನ ಟವಲು

ರಸ್ತೆ ಪಕ್ಕದ ಮರದಲ್ಲಿ ಟವಲೊಂದು ತೂಗಾಡುತ್ತಿದ್ದರೆ ನನ್ನ ಬಲಗಾಲು ನನ್ನನ್ನು ಒಂದು ಮಾತೂ ಕೇಳದೆ ಬ್ರೇಕಿನ ಮೇಲೆ ಹೋಗಿ ಕೂರುತ್ತದೆ. ಮೈಸೂರಿನೊಳಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ, ಅಲ್ಲಿ ಜನ ಟವಲನ್ನು ಬಾಲ್ಕನಿಯಲ್ಲಿ ಒಣಗಿಸುತ್ತಾರೆ. ಬಿಳಿಕೆರೆ ದಾಟಿ ಹುಣಸೂರಿನ ಕಡೆ ಹೊರಟಾಗಲೇ ಕಷ್ಟ. ಹೋದ ವಾರವೂ ಹಾಗೇ ಆಯಿತು. ಬೇವಿನ ಕೊಂಬೆಯಲ್ಲಿ ಕೆಂಪು ಚೌಕಳಿಯ ಟವಲು ಕಂಡಿತು, ಕಾರು ಗಕ್ಕನೆ ನಿಂತಿತು, ಹಿಂದೆ ಬರುತ್ತಿದ್ದ ಮಡಿಕೇರಿ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಏನಕ್ಕಾ, ರೋಡ್ ಮಧ್ಯದಲ್ಲೇ ನಿದ್ದೆ ಬಂತಾ?" ಎಂದ. ಟವಲಿನ ಒಡೆಯ ಮರದ ಕೆಳಗೆ ಸೀಬೆಹಣ್ಣು ಮಾರುತ್ತಾ ಕುಳಿತಿದ್ದ. ನೋಡಿದರೆ ಗುಂಡುಕಲ್ಲಿನ ಹಾಗಿದ್ದ, ಯಾವ ಕಾಯಿಲೆಯೂ ಇದ್ದಂತಿರಲಿಲ್ಲ. ಸುಮ್ಮನೆ ನಿಲ್ಲಿಸಿದೆ ಎಂದು ಹೇಳಲು ನಾಚಿಕೆಯಾಗಿ ಒಂದು ಚೀಲ ಸೀಬೆ ಕೊಂಡೆ. ನಮ್ಮ ಯಜಮಾನರು ಪಕ್ಕದಲ್ಲಿ ಕುಳಿತು, "ಈ ದಾರಿಯಲ್ಲಿ ನಾವು ಕೊಂಡ ಹಣ್ಣಿನಲ್ಲಿ ಒಂದು ಅಂಗಡಿ ಇಡಬಹುದಿತ್ತು" ಎಂದರು. ನೀವೂ ನಗುತ್ತಿದ್ದೀರಿ. ನಗಿ, ನನಗೇನೂ ಬೇಸರವಿಲ್ಲ. ಆದರೆ ಈ ಕಾಲಿನ ರೋಗ ನನಗೆ ಅಂಟಿದ್ದು ನನ್ನ ಅಪ್ಪನಿಂದ, ಮತ್ತು ಅರ್ಧ ಭಾಗ ನನ್ನದೇ ಒಂದು ತಪ್ಪಿನಿಂದ. ಆ ತಪ್ಪನ್ನು ಅಪ್ಪನಿಗೆ ಹೇಳಿಬಿಡಬೇಕು ಎಂದು ನಲವತ್ತು ವರ್ಷ ಅಂದುಕೊಂಡೆ. ಹೋದ ಶ್ರಾವಣದಲ್ಲಿ ಅಪ್ಪ ಹೋದರು. ಮಾತು ನನ್ನ ಗಂಟಲಲ್ಲೇ ಉಳಿಯಿತು.

ಅಪ್ಪ ಹುಣಸೂರಿನಲ್ಲಿ ಡಾಕ್ಟರಾಗಿದ್ದರು. ಹಳೆಯ ಪೇಟೆಯ ಬೀದಿಯಲ್ಲಿ ಎರಡು ಕೋಣೆಯ ಕ್ಲಿನಿಕ್ಕು, ಕೆಂಪು ಗಾರೆಯ ನೆಲ, ಕುಳಿತು ಕುಳಿತು ಜನ ನುಣ್ಣಗೆ ಮಾಡಿದ್ದ ಒಂದು ಉದ್ದದ ಬೆಂಚು. ಎಚ್.ಡಿ. ಕೋಟೆ ಕಡೆಯವರು ಮೊದಲ ಬಸ್ಸಿಗೆ ಬರುವರು, ಪಿರಿಯಾಪಟ್ಟಣದವರು ಎರಡನೆಯದಕ್ಕೆ. ಯಾರೇ ಬರಲಿ, ಅಪ್ಪನ ಮೊದಲ ಪ್ರಶ್ನೆ "ತಿಂಡಿ ಆಯ್ತಾ?" ಎಂಬುದು. ಆಗಿಲ್ಲ ಎಂದರೆ ಕಾಂಪೌಂಡರ್ ಖಲೀಲ್ ಸಾಬರ ಕಡೆ ನೋಡುವರು, ಖಲೀಲ್ ಸಾಬರು ಎದುರಿನ ಹೋಟೆಲಿನ ಕಡೆ ಕೈ ಮಾಡುವರು, ಎರಡು ಇಡ್ಲಿ ಬರುತ್ತಿತ್ತು. ಮಕ್ಕಳ ಎದೆಗೆ ಸ್ಟೆತಾಸ್ಕೋಪು ಇಡುವ ಮುಂಚೆ ಅದರ ತಣ್ಣನೆಯ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ಒಮ್ಮೆ ಒಬ್ಬ ಮುದುಕಿ, "ನಿಮ್ ಕೈ ಮುಟ್ಟುದ್ರೇ ಅರ್ಧ ವಾಸಿ ಆಯ್ತದೆ ಕಣ್ರಿ ಡಾಕ್ಟ್ರೇ" ಎಂದಳು. "ಹಂಗಾದ್ರೆ ಇನ್ನರ್ಧಕ್ಕೆ ಈ ಮಾತ್ರೆ ತಗೊಳವ್ವ, ಮರೀಬೇಡ" ಎಂದರು ಅಪ್ಪ. ಹೊಗಳಿಕೆಯನ್ನು ಅವರು ಹೀಗೆ ಚೀಟಿ ಬರೆದು ಸಾಗಹಾಕುತ್ತಿದ್ದರು.

ಮನೆಯಲ್ಲಿ ಅವರು ಬೇರೆಯೇ ಮನುಷ್ಯ ಎಂದು ಹೇಳಿದರೆ ಕತೆಗೆ ಚೆನ್ನಾಗಿರುತ್ತಿತ್ತು, ಆದರೆ ಹಾಗಿರಲಿಲ್ಲ. ಅಮ್ಮನಿಗೆ ಬೆಳಗಿನ ಹೊತ್ತು ಬೆರಳ ಗಂಟುಗಳು ನೋಯುತ್ತಿದ್ದವು, ಹಾಗಾಗಿ ನನ್ನ ಎರಡು ಜಡೆ ಹೆಣೆಯುವ ಕೆಲಸ ಅಪ್ಪನದು. ಗಾಯಕ್ಕೆ ಹೊಲಿಗೆ ಹಾಕುವ ಗಮನದಲ್ಲೇ ಜಡೆ ಹಾಕುವರು. ಸಂಜೆಯವರೆಗೆ ಒಂದು ಕೂದಲು ಅಲ್ಲಾಡುತ್ತಿರಲಿಲ್ಲ, ನನ್ನ ಹುಬ್ಬೂ ಒಂದು ಬೆರಳು ಮೇಲೆಯೇ ನಿಂತಿರುತ್ತಿತ್ತು. ಶಾಲೆಯಲ್ಲಿ ಮೇಷ್ಟರು, "ಯಾಕೆ ಮರಿ ಯಾವಾಗಲೂ ಆಶ್ಚರ್ಯವಾಗಿ ನೋಡ್ತೀಯ?" ಎಂದು ಕೇಳಿದ್ದುಂಟು. ತಮ್ಮ ಶಿವು ನನ್ನ ಗೊಂಬೆಯ ಕೈ ಕಿತ್ತಾಗ ಅಪ್ಪ ಅದಕ್ಕೆ ನಿಜವಾದ ಹೊಲಿಗೆ ಹಾಕಿ, ಹತ್ತು ದಿನ ನೀರು ತಾಗಿಸಬೇಡ ಎಂದು ಹೇಳಿ, ಹತ್ತನೆಯ ದಿನ ಮರೆಯದೆ ಹೊಲಿಗೆ ನೋಡಿದರು. ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಬರುವಾಗ ಗೇಟಿನಿಂದಲೇ ಅಮ್ಮನ ಹೆಸರು ಕೂಗುವರು. "ಬೀದಿಗೆಲ್ಲ ನನ್ನ ಹೆಸರು ಬಾಯಿಪಾಠ ಆಗಿದೆ" ಎಂದು ಅಮ್ಮ ಗೊಣಗುವಳು. ಕೂಗು ಐದು ನಿಮಿಷ ತಡವಾದರೆ ಗೇಟಿನ ಹತ್ತಿರ ಹೋಗಿ ನಿಲ್ಲುವವಳೂ ಅವಳೇ.

ಭಾನುವಾರ ಮಾತ್ರ ನಮ್ಮದು. ಮದುವೆಯಾದ ಹೊಸತರಲ್ಲಿ ಅಪ್ಪ ಅಮ್ಮನಿಗೆ ಕೊಟ್ಟಿದ್ದ ಮಾತು ಅದು. ಭಾನುವಾರ ಕ್ಲಿನಿಕ್ಕಿಗೆ ಬೀಗ, ಹಾಲಿನ ಬಣ್ಣದ ನಮ್ಮ ಹಳೆಯ ಕಾರಿಗೆ ಸ್ನಾನ, ಅಮ್ಮನ ನಿಂಬೆಹಣ್ಣಿನ ಚಿತ್ರಾನ್ನ, ಮೊಸರನ್ನ, ಹಿಂದಿನ ಸೀಟಿನಲ್ಲಿ ನಾನು ಮತ್ತು ಶಿವು. ಹೋಗುವುದು ಹೆಚ್ಚಾಗಿ ಚುಂಚನಕಟ್ಟೆಗೆ, ಅಲ್ಲಿ ಕಾವೇರಿ ಕಟ್ಟೆಯಿಂದ ಧುಮುಕುವುದನ್ನು ನೋಡುವುದಕ್ಕೆ. ಹೊರಡುವುದೇನೋ ಹೊರಡುತ್ತಿದ್ದೆವು. ತಲುಪುವುದು ಬೇರೆ ವಿಷಯ. ಯಾಕೆಂದರೆ ಅಪ್ಪನ ಕರಿಯ ಬ್ಯಾಗು ಡಿಕ್ಕಿಯಲ್ಲಿ ಯಾವಾಗಲೂ ಇರುತ್ತಿತ್ತು, ಮತ್ತು ಅದು ಅಲ್ಲಿರುವುದು ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು.

ಟವಲಿನ ಕತೆ ಶುರುವಾದದ್ದು ಬೋರೇಗೌಡ ಎಂಬ ರೈತನಿಂದ. ಅವನ ಹೆಂಡತಿಗೆ ಬಾಣಂತಿ ಜ್ವರ. ಭಾನುವಾರ ಡಾಕ್ಟರ ಕಾರು ಈ ದಾರಿಯಲ್ಲಿ ಹೋಗುತ್ತದೆ ಎಂದು ಅವನಿಗೆ ಗೊತ್ತು, ಆದರೆ ಹೆಂಡತಿಯನ್ನು ಬಿಟ್ಟು ರಸ್ತೆಯಲ್ಲಿ ಕಾಯುತ್ತಾ ನಿಲ್ಲುವ ಹಾಗಿಲ್ಲ. ಹೆಗಲ ಮೇಲಿನ ಟವಲನ್ನು ರಸ್ತೆಯ ಮರಕ್ಕೆ ಕಟ್ಟಿ, ಅದರ ತುದಿ ತನ್ನ ಮನೆಯ ಕಡೆ ತೋರುವ ಹಾಗೆ ಇಳಿಬಿಟ್ಟು ಹೋಗಿದ್ದ. ಅಪ್ಪ ಕಾರು ನಿಲ್ಲಿಸಿ, ತುದಿ ತೋರಿದ ಕಡೆ ನಡೆದು, ಬಾಣಂತಿಯನ್ನು ನೋಡಿ, ಬರುವಾಗ ತಾವೇ ಟವಲು ಬಿಚ್ಚಿ ಬೋರೇಗೌಡನ ಹೆಗಲಿಗೆ ಹಾಕಿ, "ಒಳ್ಳೆ ಐಡಿಯಾ ಕಣಯ್ಯ!" ಎಂದುಬಿಟ್ಟರು. ಅವರು ಆ ಮಾತು ಆಡಬಾರದಿತ್ತು. ಮುಂಗಾರು ಮುಗಿಯುವುದರೊಳಗೆ ನಾವು ಹೋಗುವ ದಾರಿಗಳಲ್ಲೆಲ್ಲ ಟವಲುಗಳು ತೂಗಾಡತೊಡಗಿದವು. ಬಿಚ್ಚುವ ಕ್ರಮವೂ ತಾನಾಗಿ ರೂಢಿಯಾಗಿಬಿಟ್ಟಿತು. ಕಟ್ಟುವುದು ಮನೆಯವರು, ಬಿಚ್ಚುವುದು ಡಾಕ್ಟರು. ಬೇರೆಯವರು ಬಿಚ್ಚಿದರೆ ಕಾಯಿಲೆ ಮನೆಯಲ್ಲೇ ಉಳಿಯುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಅಪ್ಪ ಅದನ್ನು ನಂಬುತ್ತಿರಲಿಲ್ಲ, ಆದರೆ ತಪ್ಪದೆ ತಾವೇ ಬಿಚ್ಚುತ್ತಿದ್ದರು.

ನಮ್ಮ ಕಡೆಯ ಜನ ಟವಲನ್ನು ಒಣಗಿಸುವುದೂ ಮರದಲ್ಲೇ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಒಮ್ಮೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ ಟವಲು ಕಂಡು ಅಪ್ಪ ಬ್ಯಾಗು ಹಿಡಿದು ಓಡಿದರು. ಅಲ್ಲಿ ನಾಲ್ಕು ಜನ ಮುದ್ದೆ ಉಣ್ಣುತ್ತಾ ಕುಳಿತಿದ್ದರು. "ಯಾರ್‌ಗೆ ಉಸಾರಿಲ್ಲ?" ಎಂದು ಅಪ್ಪ ಅವರ ಮಾತಿನಲ್ಲೇ ಕೇಳಿದರೆ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿರಿಯನೊಬ್ಬ, "ಟವಲ್ ನೆಂದಿತ್ತು ಬುದ್ಧಿ, ವಣಗಾಕಿದ್ದೊ. ಬಂದಿದ್ದೀರಿ, ಉಂಡ್ಕೊಂಡೋಗಿ" ಎಂದ. ಅಪ್ಪ ಉಂಡರು. ಕಾರಿಗೆ ಮರಳಿದಾಗ ಅವರ ಮೈಯೆಲ್ಲ ಉಪ್ಸಾರಿನ ಘಮ. ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಮ್ಮ, "ಟವಲಿಗೆ ಏನು ಔಷಧಿ ಕೊಟ್ರಿ?" ಎಂದಳು. ಅದಾದ ಮೇಲಿನ ಭಾನುವಾರವೋ ಏನೋ, ಅಪ್ಪ ಒಂದು ಹೊಲದ ಬೆರ್ಚಪ್ಪನ ಹೆಗಲ ಮೇಲಿನ ಟವಲು ನೋಡಿ ನಿಲ್ಲಿಸಿ, ಬದುವಿನ ಮೇಲೆ ಅರ್ಧ ದಾರಿ ನಡೆದು, ಪೇಷೆಂಟು ಹುಲ್ಲಿನದು ಎಂದು ತಿಳಿದು ವಾಪಸು ಬಂದರು. ಅವತ್ತು ಅಮ್ಮ ಕಾಯಿದೆ ಮಾಡಿದಳು. "ಕಾಯಿಲೆ ಇದ್ರೆ ಟವಲಿಗೆ ಮೂರು ಗಂಟು ಹಾಕ್ಲಿ. ನೀವು ನನಗೆ ಹಾಕಿದಷ್ಟೇ. ಆ ಗಂಟಿಗಾದ್ರೆ ನೀವು ಮರ್ಯಾದೆ ಕೊಡ್ತೀರಿ." ಖಲೀಲ್ ಸಾಬರು ಅದನ್ನು ಕ್ಲಿನಿಕ್ಕಿಗೆ ಬಂದವರಿಗೆಲ್ಲ ಹೇಳಿ ಕಳಿಸಿದರು. ಗಂಟಿದ್ದರೆ ಕಾಯಿಲೆ, ಇಲ್ಲದಿದ್ದರೆ ಬರೀ ಬಟ್ಟೆ. ಈ ವಿಷಯ ನೆನಪಿಟ್ಟುಕೊಳ್ಳಿ, ನನ್ನ ಪಾಪಕ್ಕೆ ಇದೇ ಸಾಕ್ಷಿ.

ಹೊಗೆಸೊಪ್ಪು ಎಂದಾಗ ಇನ್ನೊಂದು ನೆನಪು ಬಂತು, ಹೇಳಿಬಿಡುತ್ತೇನೆ. ಸೊಪ್ಪು ಮುರಿಯುವ ಕಾಲದಲ್ಲಿ ಹೆಂಗಸರಿಗೆ ತಲೆಸುತ್ತು, ವಾಂತಿ ಬರುತ್ತಿತ್ತು. ಗಾಳಿ ಸೋಕಿದೆ ಎಂದು ನಿಂಬೆಹಣ್ಣು ನಿವಾಳಿಸುವರು. ಇಬ್ಬನಿಯಲ್ಲಿ ನೆಂದ ಸೊಪ್ಪಿನ ರಸ ಚರ್ಮದಿಂದಲೇ ಮೈಗೆ ಇಳಿಯುತ್ತದೆ, ಇಬ್ಬನಿ ಆರಿದ ಮೇಲೆ ಮುರೀರಿ, ತುಂಬು ತೋಳಿನ ಅಂಗಿ ಹಾಕ್ಕೊಳ್ರಿ ಎಂದು ಅಪ್ಪ ಊರೂರಿಗೆ ಹೇಳಿದರು. ಅಂಗಿ ಎಲ್ಲಿಂದ ತರುವುದು ಎಂದು ಕೇಳಿದವರಿಗೆ ತಮ್ಮವನ್ನೇ ಕೊಟ್ಟರು. ಹೀಗಾಗಿ ಭಾನುವಾರ ಕಾರಿನಲ್ಲಿ ಹೋಗುವಾಗ ಸೀರೆಯ ಮೇಲೆ ಅಪ್ಪನ ಗೀಟಿನ ಶರ್ಟು ತೊಟ್ಟ ಹೆಂಗಸರು ಹೊಲಗಳಲ್ಲಿ ಕಾಣುತ್ತಿದ್ದರು. "ರೀ, ಅದು ನಾನು ಯುಗಾದಿಗೆ ತಂದಿದ್ದು!" ಎಂದು ಅಮ್ಮ ಕೂಗುವಳು. "ಅವಳಿಗೆ ಚೆನ್ನಾಗಿ ಒಪ್ಪುತ್ತೆ ಅಲ್ವಾ?" ಎಂದು ಅಪ್ಪ ಗೇರು ಬದಲಿಸುವರು.

ಇದೆಲ್ಲ ಈಗ ಹೇಳುವುದಕ್ಕೆ ಚೆಂದ. ಹತ್ತು ವರ್ಷದ ಹುಡುಗಿಗೆ ಏನೂ ಚೆಂದವಿರಲಿಲ್ಲ. ಭಾನುವಾರದ ಮೇಲೆ ಭಾನುವಾರ ನಾನು ಬಿಸಿ ಕಾರಿನಲ್ಲಿ ಕುಳಿತು ಅಪ್ಪನ ಬೆನ್ನು ದೂರವಾಗುವುದನ್ನು ನೋಡಿದೆ. ಒಂದು ಟವಲಿಗೆ ಮುಕ್ಕಾಲು ಗಂಟೆ. ಎರಡು ಟವಲಾದರೆ ಚುಂಚನಕಟ್ಟೆ ಮುಂದಿನ ವಾರಕ್ಕೆ. ನೀರಿನ ಹತ್ತಿರದ ಬಂಡೆಯ ಮೇಲೆ ನನ್ನ ಕೈ ಹಿಡಿದು ನಿಲ್ಲಿಸುತ್ತೇನೆ ಎಂದು ಅಪ್ಪ ಹೇಳಿದ್ದರು. ಹೇಳಿ ಬೇಸಿಗೆ ಹೋಗಿ ಮಳೆಗಾಲ ಬಂದಿತ್ತು. ನನಗೆ ಟವಲು ಕಂಡರೆ ಮೈ ಉರಿಯುತ್ತಿತ್ತು. ಮನೆಯಲ್ಲಿ ಮುಖ ಒರೆಸುವುದಕ್ಕೂ ಲಂಗದ ಅಂಚು ಉಪಯೋಗಿಸುತ್ತಿದ್ದೆ.

ಆ ಭಾನುವಾರ ದಾರಿಯುದ್ದಕ್ಕೂ ಒಂದು ಟವಲೂ ಇರಲಿಲ್ಲ. ನಾನು ಉಸಿರು ಬಿಗಿ ಹಿಡಿದು ಕುಳಿತಿದ್ದೆ. ಶಿವು ನಿದ್ದೆ ಹೋಗಿದ್ದ. ಕಟ್ಟೆಗೆ ಇನ್ನು ಅರ್ಧ ಮೈಲಿ, ನೀರಿನ ಸದ್ದು ಕೇಳಿಸತೊಡಗಿತ್ತು. ಆಗ ಎಡಗಡೆ ಹೊಂಗೆ ಮರದಲ್ಲಿ ಕೆಂಪಗೆ ಏನೋ ಅಲ್ಲಾಡಿತು. ಟವಲು. ಕಣ್ಣು ಕಿರಿದು ಮಾಡಿ ನೋಡಿದೆ. ಒಂದು, ಎರಡು, ಮೂರು ಗಂಟು. ಕಾರು ಮರದ ಹತ್ತಿರ ಬರುವುದಕ್ಕೂ ನಾನು ಬಲಗಡೆಯ ಕಿಟಕಿಗೆ ಎರಗಿ ಕಿರುಚುವುದಕ್ಕೂ ಸರಿಹೋಯಿತು: "ಅಪ್ಪಾ! ನವಿಲು! ಆ ಗದ್ದೇಲಿ ನವಿಲು!"

ಅಪ್ಪ ಬಲಕ್ಕೆ ನೋಡಿದರು, ಅಮ್ಮ ಬಲಕ್ಕೆ ನೋಡಿದಳು. ಹೊಂಗೆ ಮರ ಎಡಕ್ಕೆ ಹಾದುಹೋಯಿತು.

"ಎಲ್ಲಿ?" ಎಂದರು ಅಪ್ಪ.

"ಹಾರಿಹೋಯ್ತು" ಎಂದೆ.

"ಹೌದಾ" ಎಂದರು, ಅಷ್ಟೇ.

ಕಟ್ಟೆಯ ಹತ್ತಿರ ನಮ್ಮನ್ನು ಇಳಿಸಿದವರೇ, "ಚಾಪೆ ಹಾಕಿರಿ, ಕಡ್ಲೇಕಾಯಿ ತರ್ತೀನಿ" ಎಂದು ಅಪ್ಪ ಕಾರು ತಿರುಗಿಸಿಕೊಂಡು ಹೋದರು. ಬರುವುದಕ್ಕೆ ಒಂದು ಗಂಟೆಯಾಯಿತು. ಮುತ್ತುಗದ ಎಲೆಯಲ್ಲಿ ಸುತ್ತಿದ ಬೇಯಿಸಿದ ಕಡ್ಲೇಕಾಯಿ ತಂದರು, ಇನ್ನೂ ಹಬೆಯಾಡುತ್ತಿತ್ತು. ಆಮೇಲೆ ನನ್ನ ಕೈ ಹಿಡಿದು ಬಂಡೆಯ ಮೇಲೆ ನಿಲ್ಲಿಸಿದರು. ಕಾವೇರಿ ಹಾಲಿನ ಹಾಗೆ ಉಕ್ಕಿ ಬೀಳುತ್ತಿದ್ದಳು, ಹನಿ ಮುಖಕ್ಕೆ ಹೊಡೆಯುತ್ತಿತ್ತು. ಅಪ್ಪ ಶ್ರುತಿ ಇಲ್ಲದ ದನಿಯಲ್ಲಿ ಏನೋ ಹಾಡಿದರು, ಶಿವು ಅಣಕಿಸಿದ, ಅಮ್ಮ ನಕ್ಕಳು. ನಾನು ಬಯಸಿದ್ದೆಲ್ಲ ಅಲ್ಲಿತ್ತು, ಆದರೆ ನನಗೆ ಕಾಣುತ್ತಿದ್ದದ್ದು ಮೂರು ಗಂಟು ಮಾತ್ರ. ನನ್ನ ಪಾಲಿನ ಕಡ್ಲೇಕಾಯಿಯನ್ನು ಶಿವುವಿಗೆ ಕೊಟ್ಟುಬಿಟ್ಟೆ. ವಾಪಸು ಹೋಗುವಾಗ ಆ ಮರ ಬಂದ ತಕ್ಷಣ "ಅಪ್ಪಾ, ಟವಲು" ಎಂದುಬಿಡಬೇಕು ಎಂದು ನಿರ್ಧಾರ ಮಾಡಿದೆ. ಮರ ಬಂತು. ಟವಲು ಇರಲಿಲ್ಲ.

ಡಾಕ್ಟರು ಬಾರದೆ ಯಾರೂ ಟವಲು ಬಿಚ್ಚುವುದಿಲ್ಲ. ಹಾಗಾದರೆ ಇವರು ಯಾಕೆ ಬಿಚ್ಚಿದರು? ಇನ್ನು ಡಾಕ್ಟರು ಬೇಡವಾದರು ಎಂದೇ? ಒಳಗೆ ಯಾರಿದ್ದರು, ಏನಾಯಿತು? ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಂದಿನಿಂದ ನಾನು ಟವಲು ಹುಡುಕುವುದರಲ್ಲಿ ಎತ್ತಿದ ಕೈ ಆದೆ. ಅರ್ಧ ಮೈಲಿಯಿಂದಲೇ "ಅಪ್ಪಾ, ಟವಲು!" ಎನ್ನುತ್ತಿದ್ದೆ. ಸೀರೆಗೆ, ಗೋಣಿಚೀಲಕ್ಕೆ, ಒಮ್ಮೆ ಕೆಂಪು ಹೋರಿಗೂ ಕಾರು ನಿಲ್ಲುವಂತೆ ಮಾಡಿದೆ. ಹಳ್ಳಿಯವರು ನನ್ನ ಗಲ್ಲ ಹಿಡಿದು, "ಡಾಕ್ಟ್ರು ಮಗ್ಳಲ್ವಾ, ಅದೇ ಕರ್ಳು" ಎಂದರೆ ನೆಲ ಬಾಯಿಬಿಡಬಾರದೇ ಅನಿಸುತ್ತಿತ್ತು. ಡಾಕ್ಟರಾಗುತ್ತೀಯಾ ಎಂದು ಅಪ್ಪ ಕೇಳಿದಾಗ ರಕ್ತ ಕಂಡರೆ ಭಯ ಎಂದೆ. ರಕ್ತದ ಭಯವೇನೂ ಇರಲಿಲ್ಲ. ನನ್ನಂಥವಳ ಕೈಗೆ ಜೀವ ಕೊಡಬಾರದು ಎಂದು ನಾನೇ ತೀರ್ಪು ಮಾಡಿಕೊಂಡಿದ್ದೆ. ಲೆಕ್ಕದ ಮೇಷ್ಟ್ರಾದೆ. ಲೆಕ್ಕ ತಪ್ಪಿದರೆ ಅಳಿಸಬಹುದಲ್ಲ.

ಆ ದಿನಗಳಲ್ಲೇ ನಮ್ಮ ಕಾರಿಗೂ ಒಂದು ಚಾಳಿ ಶುರುವಾಯಿತು. ತಿಂಗಳ ಮೊದಲ ಭಾನುವಾರ ಬಂತೆಂದರೆ ಕೆಡುತ್ತಿತ್ತು. ವಾರವೆಲ್ಲ ಚೆನ್ನಾಗಿರುವ ಕಾರು ಅವತ್ತು ಬೆಳಿಗ್ಗೆ ಮಾತ್ರ ಮುಷ್ಕರ. "ಇದರ ಹಣೆಬರಹ ಕಣಮ್ಮ, ಬಸ್ಸಲ್ಲಿ ಹೋಗೋಣ" ಎಂದು ಅಪ್ಪ ಪೆಚ್ಚುಮೋರೆ ಹಾಕುವರು. ಖಲೀಲ್ ಸಾಬರು ಬಂದು ಅದನ್ನು ಮೆಕ್ಯಾನಿಕ್ಕಿನ ಹತ್ತಿರ ಒಯ್ಯುವರು. ನಾವು ಕೆಂಪು ಬಸ್ಸು ಹತ್ತಿ ಕೋಟೆಗೋ ಪಿರಿಯಾಪಟ್ಟಣಕ್ಕೋ ಹೋಗುವೆವು. ಬಸ್ಸಿನಲ್ಲಿ ಅಪ್ಪನನ್ನು ಯಾರೂ ಗುರುತಿಸುತ್ತಿರಲಿಲ್ಲ, ಟೋಪಿ ಹಾಕಿಕೊಂಡು ಮೂಲೆಯಲ್ಲಿ ಕೂರುವರು. ಇಡೀ ದಿನ ಅವರು ನಮ್ಮವರು. ಕಿತ್ತಲೆಹಣ್ಣಿನ ತೊಳೆಯ ನಾರನ್ನೆಲ್ಲ ಬಿಡಿಸಿ ಒಂದೊಂದಾಗಿ ನನ್ನ ಬಾಯಿಗೆ ಇಡುವರು. ಆ ಕಾರನ್ನು ನಾನು ಬೈಯದ ಬೈಗುಳವಿಲ್ಲ, ಆದರೆ ಅದು ಕೆಡುವುದನ್ನೇ ತಿಂಗಳೆಲ್ಲ ಕಾಯುತ್ತಿದ್ದೆ.

ಇಷ್ಟಾಗಿ ಹೋದ ವಾರಕ್ಕೆ ಬರುತ್ತೇನೆ. ಸೀಬೆಹಣ್ಣಿನ ಚೀಲದೊಂದಿಗೆ ನಾವು ಹುಣಸೂರಿಗೆ ಹೋದದ್ದು ಅಪ್ಪನ ವರ್ಷಾಬ್ದಿಕಕ್ಕೆ. ಅಮ್ಮ ಅಲ್ಲಿ ಶಿವುವಿನ ಸಂಸಾರದ ಜೊತೆ ಇದ್ದಾಳೆ, ಎಂಬತ್ತು ದಾಟಿದರೂ ಒಗ್ಗರಣೆಯ ಅಧಿಕಾರ ಬಿಟ್ಟುಕೊಟ್ಟಿಲ್ಲ. ಕಾರ್ಯವೆಲ್ಲ ಮುಗಿದ ಮಾರನೆಯ ದಿನ, "ಕಟ್ಟೆಗೆ ಹೋಗಿ ಬರೋಣ ಕಣೇ, ನೀರು ಬಂದಿದ್ಯಂತೆ" ಎಂದಳು. ನಾವಿಬ್ಬರೇ ಹೊರಟೆವು. ನಾನು ಓಡಿಸುತ್ತಿದ್ದೆ, ಅಮ್ಮ ಪಕ್ಕದಲ್ಲಿ, ತೊಡೆಯ ಮೇಲೆ ಅದೇ ಚಿತ್ರಾನ್ನದ ಡಬ್ಬಿ. ನೀರಿನ ಸದ್ದು ಕೇಳುವಷ್ಟು ಹತ್ತಿರ ಬಂದಾಗ ನಾನು ವೇಗ ಇಳಿಸಿದೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಅಪ್ಪನಿಗೆ ಹೇಳಬೇಕಾದದ್ದನ್ನು ಅಮ್ಮನಿಗೆ ಹೇಳಿದೆ. ನವಿಲು, ಗಂಟು, ಬಿಚ್ಚಿಹೋಗಿದ್ದ ಟವಲು, ಎಲ್ಲ. ಐವತ್ತು ದಾಟಿದ ಹೆಂಗಸು, ಸ್ಟೇರಿಂಗಿಗೆ ಹಣೆ ಇಟ್ಟುಕೊಂಡು ಅತ್ತೆ.

ಅಮ್ಮ ಡಬ್ಬಿಯನ್ನು ಪಕ್ಕಕ್ಕಿಟ್ಟು ನನ್ನ ಬೆನ್ನು ಸವರಿದಳು. ಆಮೇಲೆ, "ಇಷ್ಟು ವರ್ಷ ಇದನ್ನ ಇಟ್ಕೊಂಡಿದ್ಯಾ? ನೀನು ಅವತ್ತೇ ಮರ್ತೆ ಅಂತ ನಾವು ಅಂದ್ಕೊಂಡಿದ್ವಿ" ಎಂದಳು.

"ನಾವು ಅಂದ್ರೆ?"

"ಟವಲ್ ಬಿಚ್ಚೋರು ಯಾರೇ?"

"ಡಾಕ್ಟರು."

"ಟವಲ್ ಇರ್ಲಿಲ್ಲ ಅಂದ್ರೆ?"

ಸಾವಿರಾರು ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ಈ ಒಂದು ಲೆಕ್ಕ ಬಿಡಿಸಲು ನಲವತ್ತು ವರ್ಷ ಬೇಕಾಯಿತು.

"ಕನ್ನಡೀಲಿ ನೋಡಿದ್ರಂತೆ" ಎಂದಳು ಅಮ್ಮ. "ಮರ ದಾಟಿದ ಮೇಲೆ. ನಮ್ಮನ್ನ ಇಳಿಸಿ ಓಡಿದ್ರಲ್ಲ, ಕಡ್ಲೇಕಾಯಿಗೆ ಅಂದ್ಕೊಂಡ್ಯಾ? ನಡಿ ಮುಂದೆ, ಆ ಮರದ ಹತ್ರ ನಿಲ್ಸು."

ಹೊಂಗೆ ಮರ ಈಗ ಇನ್ನೂ ಅಗಲವಾಗಿದೆ. ಕೆಳಗೆ ಎಳನೀರಿನ ಗಾಡಿ. ಗಾಡಿಯ ಹಿಂದೆ ನಲವತ್ತು ದಾಟಿದ ಗಟ್ಟಿಮುಟ್ಟಾದ ಆಳು, ಹೆಗಲ ಮೇಲೆ ಟವಲು. ಅಮ್ಮನನ್ನು ಕಂಡವನೇ ಮಚ್ಚು ಕೆಳಗಿಟ್ಟು ಓಡಿಬಂದ. "ಅಮ್ಮಾವ್ರು! ಯೋಳಿ ಕಳ್ಸಿದ್ರೆ ನಾನೇ ಬತ್ತಿದ್ನಲ್ಲ!"

"ಚೆನ್ನಾಗಿದ್ದೀಯೇನೋ ಕುಮಾರ? ಇವಳು ನನ್ನ ಮಗಳು" ಎಂದು ಹೇಳಿ ಅಮ್ಮ ನನ್ನ ಕಡೆ ತಿರುಗಿದಳು. "ನೋಡ್ಕೋ. ನಿನ್ನ ನವಿಲು."

ಕುಮಾರನಿಗೆ ಅದು ಅರ್ಥವಾಗಲಿಲ್ಲ, ಆದರೆ ತನ್ನ ಕತೆ ಹೇಳಲು ಅವನಿಗೆ ಕಾರಣ ಬೇಕಿರಲಿಲ್ಲ. "ನಂಗೆ ಆಗ ಎಲ್ಡೊರ್ಸ ಕಣಕ್ಕಾ. ಜ್ವರ ಬಂದು ಫಿಟ್ಸ್ ಬಂದಿತ್ತಂತೆ. ನಮ್ಮವ್ವ ಟವಲ್ ಕಟ್ಟಿ ಒಳಿಕ್ಕೆ ವೋಗಿ ಸುಮ್ನೆ ಅಳ್ತಾ ಕುಂತಿದ್ಲಂತೆ. ಡಾಕ್ಟ್ರು ಬಂದ್ರು, ಆ ಟವಲ್ನೇ ಬಿಚ್ಕಂಡು ಬಂದು, ನೀರಲ್ಲಿ ಅದ್ದಿ ಅದ್ದಿ ಮೈ ಒರ್ಸುದ್ರಂತೆ. ಸೂಜಿ ಮದ್ದೂ ಕೊಟ್ರಂತೆ. ನಾನು ಕಣ್ಬುಟ್ಟ ಮ್ಯಾಲೆ, 'ನಾನಿನ್ನ ವೋಯ್ತೀನಿ ಕಣವ್ವ, ನನ್ ಮಗ್ಳು ಕಾಯ್ತಾವ್ಳೆ' ಅಂದ್ರಂತೆ. ಅವ್ವ ಒಲೆ ಮ್ಯಾಲಿದ್ದ ಕಡ್ಲೇಕಾಯ್ನ ಎಲೆಗಾಕಿ ಕೊಟ್ಲಂತೆ. 'ನಿಮ್ ಮಗೀಗೆ ಕೊಡಿ ಬುದ್ಧಿ' ಅಂತ." ಹೇಳುತ್ತಲೇ ಅವನು ಎಳನೀರು ಕೆತ್ತಿ ನನ್ನ ಕೈಗೆ ಕೊಟ್ಟ. ಹಿಡಿಯುವುದಕ್ಕೆ ನನ್ನ ಎರಡು ಕೈಯೂ ಬೇಕಾದವು. ಅವನ ಮುಖ ನೋಡಿದೆ, ಹೆಗಲು ನೋಡಿದೆ, ತೋಳು ನೋಡಿದೆ. ಹೀಗೆ ಒಬ್ಬ ಗಂಡಸನ್ನು ನಾನು ಹಿಂದೆಂದೂ ಕಣ್ಣರಳಿಸಿ ನೋಡಿರಲಿಲ್ಲ. ಅಪ್ಪ ಜಡೆ ಹೆಣೆದ ದಿನಗಳ ಹಾಗೆ ನನ್ನ ಹುಬ್ಬು ಮೇಲೇರಿ ನಿಂತಿದ್ದಿರಬೇಕು.

ಕಟ್ಟೆಯಲ್ಲಿ ಬಂಡೆಯ ಹತ್ತಿರ ಹೋಗಲು ಅಮ್ಮನ ಮಂಡಿ ಬಿಡಲಿಲ್ಲ. ದೂರದಲ್ಲೇ ಕುಳಿತೆವು. ನೀರು ಅಂದಿನ ಹಾಗೆಯೇ ಸದ್ದು ಮಾಡುತ್ತಿತ್ತು.

"ಅಪ್ಪನಿಗೆ ಕೋಪ ಬರಲಿಲ್ವಾ?" ಎಂದು ಕೇಳಿದೆ.

"ನನಗೆ ಬಂತು. ನಿನಗೆ ಎರಡು ಬಿಗಿಯೋಣ ಅಂದೆ. ಅವರು ಬೇಡ ಅಂದ್ರು. 'ಮಗು ಅಷ್ಟು ಜೋರಾಗಿ ಕಿರುಚ್ಕೋಬೇಕಾದ್ರೆ ಅದಕ್ಕೂ ಏನೋ ಕಷ್ಟ ಇದೆ. ಅವತ್ತು ದಾರೀಲಿ ಎರಡು ಟವಲ್ ಇತ್ತು ಕಣೇ, ನನಗೆ ಒಂದೇ ಕಾಣ್ತಿತ್ತು. ಅವಳ ನವಿಲೂ ಒಂದು ಟವಲೇ' ಅಂದ್ರು. ಆಮೇಲೆ ತಾನೇ ಕಾರು ಕೆಡೋಕೆ ಶುರುವಾಗಿದ್ದು."

"ಅದಕ್ಕೂ ಕಾರಿಗೂ ಏನು ಸಂಬಂಧ?" ಎಂದೆ.

"ಕಾರಿಗೆ ಏನೂ ಆಗಿರ್ಲಿಲ್ಲ ಕಣೇ. ಮೊದಲ ಭಾನುವಾರ ಖಲೀಲ್ ಸಾಬ್ರು ಅದನ್ನ ತಗೊಂಡು ದಾರಿ ಉದ್ದಕ್ಕೂ ಟವಲ್ ನೋಡ್ಕೊಂಡು ಹೋಗೋರು. ಜ್ವರ ಗಿರ ಆದ್ರೆ ಮಾತ್ರೆ ಕೊಡೋರು, ಜಾಸ್ತಿ ಇದ್ರೆ ಕಾರಲ್ಲೇ ಕೂರಿಸ್ಕೊಂಡು ದೊಡ್ಡಾಸ್ಪತ್ರೆಗೆ. ನಿನಗೆ ಹೇಳ್ಬಾರ್ದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ಗೊತ್ತಾದ್ರೆ ಮಗು ನಮ್ಮೆದುರು ಸಣ್ಣದಾಗುತ್ತೆ ಅಂತ."

ಹತ್ತು ವರ್ಷ ಆ ಕಾರು ತಿಂಗಳಿಗೊಮ್ಮೆ ನನಗಾಗಿ ಕೆಟ್ಟಿತ್ತು. ನಾನು ಅದನ್ನು ಬೈದಿದ್ದೆ, ಒಮ್ಮೆ ಟೈರಿಗೆ ಒದ್ದೂ ಇದ್ದೆ. ಅಪ್ಪನಿಗೆ ಹೇಳದೆ ಉಳಿದ ಮಾತು ಅಪ್ಪನಿಗೆ ಮೊದಲೇ ಗೊತ್ತಿತ್ತು, ಅದಕ್ಕೆ ಮದ್ದನ್ನೂ ಅವರು ಕೊಟ್ಟಾಗಿತ್ತು, ತೊಳೆ ತೊಳೆಯಾಗಿ ನಾರು ಬಿಡಿಸಿ, ಕೆಂಪು ಬಸ್ಸಿನ ಮೂಲೆಯ ಸೀಟಿನಲ್ಲಿ. ನನಗೆ ತುಂಬಾ ಸಂತೋಷವಾಯಿತು. ಇದನ್ನು ಬೇರೆ ಹೇಗೆ ಹೇಳಬೇಕೋ ತಿಳಿಯದು. ಅಪ್ಪ ಹೋದ ಮೇಲೆ ಮೊದಲ ಸಲ ಚೆನ್ನಾಗಿ ಹಸಿವಾಯಿತು, ಚಿತ್ರಾನ್ನದಲ್ಲಿ ಮುಕ್ಕಾಲು ಪಾಲು ನಾನೇ ತಿಂದೆ.

ಹಿಂದಿರುಗುವಾಗ ಕುಮಾರ ಕೈ ಬೀಸಿದ. ಅವನ ಟವಲು ಈಗ ಕೊಂಬೆಯಲ್ಲಿ ಒಣಗುತ್ತಿತ್ತು, ಗಂಟಿಲ್ಲದೆ. ನನ್ನ ಕಾಲು ಹಳೆಯ ಚಾಳಿಯಂತೆ ಬ್ರೇಕಿನ ಮೇಲೆ ಹೋಯಿತು. ಅಲ್ಲೇ ಇರಲಿ ಎಂದು ಬಿಟ್ಟೆ. ಕಾರು ನಿಧಾನವಾಗಿ ಮರವನ್ನು ದಾಟುವಾಗ ಪಕ್ಕದಲ್ಲಿ ಅಮ್ಮನ ಉಸಿರು ಕಟ್ಟಿದ ಹಾಗೆ ಕೇಳಿಸಿತು. ವರ್ಷವೆಲ್ಲ ನಮ್ಮೆದುರು ಒಂದು ದಿನವೂ ಅಳದವಳು ಅವಳು. ನಾನು ಅವಳ ಕಡೆ ತಿರುಗುವುದರೊಳಗೆ ಅಮ್ಮ ನನ್ನ ಕಿಟಕಿಯ ಆಚೆ ಬೆರಳು ತೋರಿಸಿ, "ಅಗೋ, ಆ ಗದ್ದೇಲಿ ನವಿಲು!" ಎಂದಳು.

ಕಾರು ನಿಲ್ಲಿಸಿ ಆ ಕಡೆ ನೋಡಿದೆ. ಹಸಿರು ಗದ್ದೆ, ಅದರಾಚೆ ನಾಲೆ, ಇನ್ನೇನೂ ಇರಲಿಲ್ಲ. ಪಕ್ಕದಲ್ಲಿ ಸೆರಗಿನ ಸದ್ದಾಯಿತು, ಮೂಗೇರಿಸುವುದು ಕೇಳಿಸಿತು. ಅವಳು ಕಣ್ಣು ಒರೆಸಿಕೊಂಡು ಮುಗಿಸುವವರೆಗೂ ನಾನು ಆ ನವಿಲನ್ನು ನೋಡುತ್ತಲೇ ಇದ್ದೆ.